ಓದುಗರ ಪ್ರಶ್ನೆ: ಕಾರವಾನ್ ಎಳೆಯಲು ಯಾವ ಗಾಡಿ?

ಪ್ರಶ್ನೆ: ಎರಡು ಗಾಲಿಯ ಹಳೆಯ ಕಾರವಾನ್ (ಗಾಡಿಯ ಹಿಂದೆ ಜೋಡಿಸಿ ಎಳೆಯುವ ಮನೆಯಂಥ ಡಬ್ಬಿ) ಒಂದನ್ನು ಕೊಳ್ಳುವ ಮಾತು ನಡೆದಿದೆ. ಖಾಲಿ ತೂಕ 900 ಕೆಜಿ ಎಂದು ಮಾರುವವರು ಹೇಳುತ್ತಾರೆ. ಮನೆಮಂದಿಯೊಂದಿಗೆ ಸಾಣಾಪುರ, ಸಂಡೂರು, ರಾಯಚೂರು ಕಡೆ ಹೋಗಿಬರುವ ಆಸೆ. ನಮ್ಮಲ್ಲಿರುವುದು 900 ಕೆಜಿಯ ಸಣ್ಣ ಪೆಟ್ರೋಲ್ ಕಾರು. ಅದೇ ಸಾಕೇ? ಬೇರೆ ಗಾಡಿ ಕೊಳ್ಳುವುದಾದರೆ ಎಷ್ಟು ಎಚ್‌ಪಿಯದು ಬೇಕು?
– ಓದುಗರು, ಗಂಗಾವತಿ

ಉತ್ತರ: ಸಣ್ಣ ಕಾರು ಬೇಡವೇ ಬೇಡ. ಕಾರಣ ಎಚ್‌ಪಿ ಅಲ್ಲ, ತೂಕ.

ಮಾರುವವರು ಹೇಳಿದ 900 ಕೆಜಿ ಖಾಲಿ ಡಬ್ಬಿಯದು. 100 ಲೀಟರ್ ನೀರು ತುಂಬಿದರೆ 100 ಕೆಜಿ. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30, ಬ್ಯಾಟರಿ 30. ಹಾಸಿಗೆ, ಫ್ರಿಜ್, ಪಾತ್ರೆ, ಬಟ್ಟೆ ಎಲ್ಲ ಸೇರಿ 120 ಎಂದಿಟ್ಟುಕೊಳ್ಳಿ. ಅಲ್ಲಿಗೆ 1,180 ಕೆಜಿ ಆಯಿತು. ಇದನ್ನೂ ಅಂದಾಜಿಗೆ ಬಿಡಬೇಡಿ. ನಿಮ್ಮೂರಲ್ಲಿ ಅಕ್ಕಿ ಗಿರಣಿಗಳಿಗೆ ಬರವಿಲ್ಲ. ಯಾವುದಾದರೊಂದು ಕಾಟಾದ ಮೇಲೆ ಸಾಮಾನು ಸಮೇತ ಕಾರವಾನನ್ನು ಒಂಟಿಯಾಗಿ ನಿಲ್ಲಿಸಿ ತೂಗಿಸಿ. ಕಾಟಾ 10 ಕೆಜಿ ಆಚೀಚೆ ತೋರಿಸಿದರೂ ಈ ಲೆಕ್ಕಕ್ಕೆ ಸಾಕು.

ತುಂಬಿದ ಕಾರವಾನ್ ತನ್ನನ್ನು ಎಳೆಯುವ ಗಾಡಿಯ ಖಾಲಿ ತೂಕದ 85 ಶೇಕಡಾ ಮೀರಬಾರದು. ಇದು ಕಾರವಾನ್ ಬಳಕೆ ಹೆಚ್ಚಿರುವ ಬ್ರಿಟನ್ನಿನಲ್ಲಿ, ಅದರಲ್ಲೂ ಹೊಸಬರಿಗೆ, ಹೇಳಿಕೊಡುವ ಲೆಕ್ಕ. 1,180 ಕೆಜಿಗೆ ಕನಿಷ್ಠ 1,390 ಕೆಜಿಯ ಗಾಡಿ ಬೇಕು. ನಿಮ್ಮ ಕಾರಿಗೆ ಮಿತಿ 765 ಕೆಜಿ. ಹಿಂದಿನ ಡಬ್ಬಿಯೇ ಭಾರವಾದರೆ ತಿರುವಿನಲ್ಲಿ, ಇಳಿಜಾರಿನಲ್ಲಿ ಅದು ಕಾರನ್ನು ತಾನೇ ದೂಡಿಕೊಂಡು ಹೋಗುತ್ತದೆ. ಆಗ ಸ್ಟಿಯರಿಂಗ್ ನಿಮ್ಮ ಕೈಯಲ್ಲಿದ್ದರೂ ಗಾಡಿ ನಿಮ್ಮ ಮಾತು ಕೇಳುವುದಿಲ್ಲ.

ಎಚ್‌ಪಿ ಲೆಕ್ಕವನ್ನೂ ನೋಡಿಬಿಡೋಣ. ಗಾಡಿ 1,700 ಎಂದಿಟ್ಟುಕೊಂಡರೆ, ಕಾರವಾನ್ 1,180, ಒಟ್ಟು 2,880 ಕೆಜಿ. 12 ಅಡಿಗೆ 1 ಅಡಿ ಏರುವ ದಾರಿಯಲ್ಲಿ ಇಷ್ಟನ್ನು ಎಳೆಯಲು, ಗಾಲಿಯ ಉರುಳು ತಡೆಯೂ ಸೇರಿ, ಸುಮಾರು 300 ಕೆಜಿ ಎಳೆತ ಬೇಕು. ಗಂಟೆಗೆ 30 ಕಿ.ಮೀ. ವೇಗದಲ್ಲಿ ಅದಕ್ಕೆ ಗಾಲಿಗೆ ಮುಟ್ಟಬೇಕಾದದ್ದು ಸುಮಾರು 33 ಎಚ್‌ಪಿ. 75 ಎಚ್‌ಪಿಯ ಬೊಲೆರೊ ಸಂಡೂರಿನ ಏರನ್ನು ಹತ್ತಿಸುತ್ತದೆ, ನಿಧಾನವಾಗಿ. ನೀವು ನೋಡಬೇಕಾದದ್ದು ಕಡಿಮೆ ಸುತ್ತಿನಲ್ಲೇ, ಅಂದರೆ 1,500ರಿಂದ 2,500 ಆರ್‌ಪಿಎಂ ಒಳಗೆ, ಟಾರ್ಕ್ (ಗಾಲಿ ತಿರುಗಿಸುವ ಬಲ) ಕೊಡುವ ಡೀಸೆಲ್ ಎಂಜಿನ್. ಎಂಜಿನ್ನನ್ನು ಹೆಚ್ಚು ಸುತ್ತಿಸಿಯೇ ಬಲ ಪಡೆಯಬೇಕಾದ ಗಾಡಿಯಲ್ಲಿ ಹೊರಡುವಾಗಲೆಲ್ಲ ಕ್ಲಚ್ ಉಜ್ಜುತ್ತದೆ. ಕ್ಲಚ್ ಹೆಚ್ಚು ಸುಡುವುದು ಏರಿನಲ್ಲಿ ರಿವರ್ಸ್ ತೆಗೆಯುವಾಗ. ಅರ್ಧ ಕ್ಲಚ್ಚಿನಲ್ಲಿ ನಿಲ್ಲಿಸಿಕೊಂಡು ಸರಿಪಡಿಸುತ್ತಾ ಕೂತರೆ ಒಂದೆರಡು ನಿಮಿಷಕ್ಕೇ ಸುಟ್ಟ ವಾಸನೆ ಬರುತ್ತದೆ. ಲೋ ರೇಂಜ್ (ತೀರಾ ನಿಧಾನಕ್ಕೆ ಹೆಚ್ಚು ಬಲ ಕೊಡುವ ಗೇರು) ಇರುವ ನಾಲ್ಕು ಗಾಲಿ ಚಾಲನೆಯ ಗಾಡಿಗೆ ಈ ಕಷ್ಟವಿಲ್ಲ.

ಎಂಜಿನ್ನಿನ ಬಲ ಮುಂದಿನ ಗಾಲಿಗೆ ಹೋಗುವ ಕಾರಿಗಿಂತ ಹಿಂದಿನ ಗಾಲಿಗೆ ಹೋಗುವುದು ಮೇಲು. ಹುಕ್ಕಿನ ಮೇಲೆ ಭಾರ ಬಿದ್ದಷ್ಟೂ ಮುಂದಿನ ಗಾಲಿ ಹಗುರಾಗಿ, ಸಾಣಾಪುರ ಕೆರೆ ದಂಡೆಯಂಥ ಒದ್ದೆ ನೆಲದಲ್ಲಿ ಅಲ್ಲೇ ಸುತ್ತುತ್ತದೆ. ಚಾಸಿ (ಅಡಿಯ ಚೌಕಟ್ಟು) ಬೇರೆ, ಬಾಡಿ ಬೇರೆ ಇರುವ ಗಾಡಿಯಾದರೆ ಹುಕ್ಕು ಬಿಗಿಯಲು ಗಟ್ಟಿ ಜಾಗ ಸಿಗುತ್ತದೆ. ಬೊಲೆರೊ, ಸ್ಕಾರ್ಪಿಯೊ-ಎನ್, ಇನ್ನೊವಾ ಕ್ರಿಸ್ಟಾ ಈ ಜಾತಿಯವು. ಇನ್ನೊವಾ ಹೈಕ್ರಾಸ್ ಹೆಸರಿನಲ್ಲಿ ಹತ್ತಿರವಾದರೂ ಅದು ಮುಂದಿನ ಗಾಲಿ ಚಾಲನೆಯ, ಚಾಸಿ ಪ್ರತ್ಯೇಕವಿಲ್ಲದ ಗಾಡಿ. ಮೂರು ಬಾಗಿಲಿನ ಥಾರ್‌ಗೆ ಬಲವಿದೆ, ಆದರೆ ಮುಂದಿನ, ಹಿಂದಿನ ಗಾಲಿಗಳ ನಡುವಿನ ಅಂತರ 2,450 ಮಿ.ಮೀ. ಮಾತ್ರ, ಬೊಲೆರೊದಲ್ಲಿ 2,680, ಸ್ಕಾರ್ಪಿಯೊ-ಎನ್ ಮತ್ತು ಕ್ರಿಸ್ಟಾದಲ್ಲಿ 2,750. ಈ ಅಂತರ ಹೆಚ್ಚಿದ್ದಷ್ಟೂ ಹಿಂದಿನ ಡಬ್ಬಿಯ ತೂಗಾಟಕ್ಕೆ ಗಾಡಿ ಜಗ್ಗುವುದಿಲ್ಲ. ಹಾಗಾಗಿ ನಮ್ಮ ಆಯ್ಕೆ ಕ್ರಿಸ್ಟಾ ಅಥವಾ ಸ್ಕಾರ್ಪಿಯೊ-ಎನ್ ಡೀಸೆಲ್. ಹಣದ ಮಿತಿ ಇದ್ದರೆ ಸುಸ್ಥಿತಿಯ ಬೊಲೆರೊ.

ಏನನ್ನೇ ಆರಿಸಿದರೂ ಅದರ ಮಾಲೀಕರ ಕೈಪಿಡಿ ತೆರೆದು ಟ್ರೇಲರ್ ಎಳೆಯುವ ಮಿತಿ ಎಷ್ಟೆಂದು ನೋಡಿ. ನಮ್ಮಲ್ಲಿ ಮಾರುವ ಎಷ್ಟೋ ಗಾಡಿಗಳ ಕೈಪಿಡಿಯಲ್ಲಿ ಆ ಅಂಕಿ ಇರುವುದಿಲ್ಲ, ಕೆಲವದರಲ್ಲಿ ಎಳೆಯಬೇಡಿ ಎಂದೇ ಇರುತ್ತದೆ. ಹಾಗಿದ್ದರೆ ಮುಂಗಡ ಕೊಡುವ ಮೊದಲೇ ಕಂಪನಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ. ಹುಕ್ಕು ಕೂಡಿಸುವುದು, ಟ್ರೇಲರ್ ನೋಂದಣಿ ಮತ್ತು ವಿಮೆ ಈ ಮೂರನ್ನೂ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಂಡೇ ಮುಂದುವರಿಯಿರಿ.

ಹುಕ್ಕನ್ನು ಬಂಪರಿಗೆ ಬೆಸುಗೆ ಹಾಕಿಸಿದರೆ ಒಂದು ದಿನ ಬಂಪರ್ ಸಮೇತ ಕಿತ್ತುಬರುತ್ತದೆ. ಚಾಸಿಯ ಎರಡೂ ಉದ್ದ ತೊಲೆಗಳಿಗೆ 8.8 ದರ್ಜೆಯ ಬೋಲ್ಟಿನಿಂದ ಬಿಗಿಸಬೇಕು, ಮೊದಲ ಓಡಾಟದ ನಂತರ ಮತ್ತೊಮ್ಮೆ ಬಿಗಿ ನೋಡಬೇಕು. ಕಾರವಾನಿನ ಕಪ್ಪು (ಹುಕ್ಕಿನ ಗುಂಡಿನ ಮೇಲೆ ಕೂರುವ ಬಟ್ಟಲು) 50 ಮಿ.ಮೀ. ಗುಂಡಿನದಾದರೆ ಹುಕ್ಕಿನ ಗುಂಡೂ 50 ಇರಬೇಕು. ಸೇಫ್ಟಿ ಚೈನುಗಳನ್ನು ಕೆಳಗೆ ಅಡ್ಡಡ್ಡ ದಾಟಿಸಿ ಹಾಕಿದರೆ, ಕಪ್ಪು ಕಳಚಿದರೂ ಮೂತಿ ರಸ್ತೆಗೆ ಕುಕ್ಕದೆ ಚೈನಿನ ಮೇಲೆ ಕೂರುತ್ತದೆ.

ಇನ್ನು ಬ್ರೇಕು. ಯುರೋಪಿನಲ್ಲಿ 750 ಕೆಜಿ ಮೀರಿದ ಟ್ರೇಲರಿಗೆ ತನ್ನದೇ ಬ್ರೇಕ್ ಕಡ್ಡಾಯ. ನೀವು ಕೊಳ್ಳುವ ಕಾರವಾನಿನಲ್ಲೂ ಅದು ಇರಲೇಬೇಕು. ಎಳೆಯುವ ಗಾಡಿ ನಿಧಾನಿಸಿದಾಗ ಹಿಂದಿನ ತೂಕವೇ ಮೂತಿಯ ದಂಡವನ್ನು ಒಳಗೆ ತಳ್ಳಿ, ಕೇಬಲ್ ಜಗ್ಗಿ, ಡ್ರಮ್ಮಿನ ಬ್ರೇಕ್ ಹಿಡಿಸುವ ವ್ಯವಸ್ಥೆ ಸರಳ, ನಂಬಬಹುದು. ವರ್ಷಗಟ್ಟಲೆ ನಿಂತ ಕಾರವಾನಿನಲ್ಲಿ ಆ ದಂಡ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಕೊಳ್ಳುವ ಮೊದಲು ಕೈಯಿಂದ ತಳ್ಳಿಸಿ ನೋಡಿ. ಟೈರಿನ ಬದಿಯ ಕೊನೆಯ ನಾಲ್ಕು ಅಂಕಿಯನ್ನೂ ಓದಿ. 2318 ಎಂದಿದ್ದರೆ 2018ರ 23ನೇ ವಾರ ತಯಾರಾದದ್ದು. ಮೇಲ್ಮೈ ಸವೆಯದೆ ಹೊಸದರಂತೆ ಕಂಡರೂ ಅದನ್ನು ಬದಲಿಸಿ. 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲಲ್ಲಿ ನಿಂತೇ ಇದ್ದ ಟೈರು ಬದಿಯಲ್ಲಿ ಬಿರುಕು ಬಿಟ್ಟು, ಓಡುವಾಗ ಸಿಡಿಯುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡ. ಹತ್ತಿದ ಗೇರಿನಲ್ಲೇ ಇಳಿಸಿ. ಗಾಡಿ ಓಡುವಾಗ ಕಾರವಾನಿನೊಳಗೆ ಯಾರೂ ಕೂರಬಾರದು, ಮಕ್ಕಳಂತೂ ಕೂಡದು.

ಪ್ರಶ್ನೆ: ಬಜ್ಜಿ, ಒಗ್ಗರಣೆ ಮಾರಲು ಎರಡು ಗಾಲಿಯ ಟ್ರೇಲರ್ ಮಾಡಿಸಿದ್ದೇವೆ. ತೋರಣಗಲ್ಲು ರಸ್ತೆಯಲ್ಲಿ ಅದಿರು ಲಾರಿ ದಾಟಿಹೋದಾಗಲೆಲ್ಲ ಅದು ಹಾವಿನಂತೆ ಹೊರಳುತ್ತದೆ. ದೊಡ್ಡ ಗಾಡಿ ಕೊಂಡರೆ ಸರಿಹೋದೀತೇ?
– ಓದುಗರು, ಬಳ್ಳಾರಿ

ಉತ್ತರ: ಮೊದಲು ಹೇರಿದ ಬಗೆ ನೋಡಿ. ಒಲೆ, ಸಿಲಿಂಡರ್, ಎಣ್ಣೆ ಡಬ್ಬ ಎಲ್ಲ ಹಿಂದಿನ ಬಾಗಿಲ ಬಳಿ ಇದ್ದರೆ ಅದೇ ಕಾರಣ. ಎತ್ತಿನ ಗಾಡಿ ಹೇರುವವರಿಗೆ ಇದು ಗೊತ್ತು: ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಜಗ್ಗುತ್ತದೆ. ಟ್ರೇಲರಿಗೆ ಈ ಮೂಕಿ ಭಾರ ಒಟ್ಟು ತೂಕದ 5ರಿಂದ 7 ಶೇಕಡಾ ಇರಬೇಕು. 800 ಕೆಜಿಗೆ 40ರಿಂದ 56 ಕೆಜಿ. ಅಳೆಯುವುದು ಸುಲಭ. ಸಮತಟ್ಟು ನೆಲದಲ್ಲಿ ಗಾಲಿಗೆ ಕಲ್ಲು ಕೊಟ್ಟು, ಮನೆಯಲ್ಲಿ ಮೈತೂಕ ನೋಡುವ ಯಂತ್ರದ ಮೇಲೆ ಮರದ ತುಂಡು ನಿಲ್ಲಿಸಿ, ಗಾಡಿಯ ಹುಕ್ಕಿನಷ್ಟೇ ಎತ್ತರದಲ್ಲಿ ಮೂತಿಯನ್ನು ಅದರ ಮೇಲಿಡಿ. ಭಾರದ ಸಾಮಾನೆಲ್ಲ ಅಚ್ಚಿನ ಮೇಲೆ, ನೆಲಕ್ಕೆ ಹತ್ತಿರ ಬರಲಿ. ನೀರಿನ ಟ್ಯಾಂಕ್ ಅರ್ಧ ತುಂಬಿದ್ದರೆ ನೀರು ಹೊಯ್ದಾಡಿ ತೂಗಾಟ ಹೆಚ್ಚುತ್ತದೆ. ಪೂರ್ತಿ ತುಂಬಿಸಿ ಇಲ್ಲವೇ ಖಾಲಿ ಮಾಡಿ.

ಹೊರಳಲು ಶುರುವಾದಾಗ ಸ್ಟಿಯರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಡಿ. ಗಟ್ಟಿ ಬ್ರೇಕ್ ಹಾಕಿದರೆ ಟ್ರೇಲರ್ ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಗಾಡಿಯ ಗಾತ್ರದ ಮಾತು ಇದೆಲ್ಲ ಸರಿಪಡಿಸಿದ ಮೇಲೆ.

ಪ್ರಶ್ನೆ: ಮನೆಯಲ್ಲಿ 45 ಎಚ್‌ಪಿ ಟ್ರ್ಯಾಕ್ಟರ್ ಇದೆ. ಕಾರವಾನನ್ನು ಅದಕ್ಕೇ ಜೋಡಿಸಬಹುದೇ?
– ಓದುಗರು, ಸಿಂಧನೂರು

ಉತ್ತರ: ಹೊಲದೊಳಗೆ ಜಾಗ ಬದಲಿಸಲು ಆದೀತು, ಊರೂರು ತಿರುಗಲು ಬೇಡ. ಟ್ರ್ಯಾಕ್ಟರಿಗೆ ಸ್ಪ್ರಿಂಗ್ ಇಲ್ಲ. ಅದರ ಕುಲುಕಾಟವೆಲ್ಲ ನೇರ ಕಾರವಾನಿನ ಮೂತಿಗೆ ಬಂದು ಒಳಗಿನ ಕಪಾಟು, ಕಿಟಕಿ ಸಡಿಲವಾಗುತ್ತವೆ. ಟ್ರ್ಯಾಕ್ಟರಿನದು ಪಿನ್ನು, ಕಾರವಾನಿನದು ಗುಂಡು. ಕಪ್ಪಿನೊಳಗೆ ಪಿನ್ನು ತೂರಿಸುವ ಸಾಹಸ ಮಾಡದೆ, ಡ್ರಾಬಾರಿಗೆ (ಟ್ರ್ಯಾಕ್ಟರಿನ ಹಿಂದೆ ಕೆಳಗಿರುವ ಎಳೆಯುವ ಪಟ್ಟಿ) 50 ಮಿ.ಮೀ. ಗುಂಡನ್ನೇ ಬೋಲ್ಟ್ ಮಾಡಿಸಿ. ನೇಗಿಲಿನಂಥ ಉಪಕರಣವನ್ನು ಮೇಲಿನಿಂದ ಹಿಡಿಯುವ ಟಾಪ್ ಲಿಂಕ್ ಜಾಗಕ್ಕೆ ಮಾತ್ರ ಏನನ್ನೂ ಕಟ್ಟಿ ಎಳೆಯಬೇಡಿ. ಎಳೆತ ಹಿಂದಿನ ಅಚ್ಚಿಗಿಂತ ಮೇಲೆ ಬಿದ್ದರೆ, ಕೆಸರಿನಲ್ಲಿ ಡಬ್ಬಿ ಸಿಕ್ಕಿಕೊಂಡ ಗಳಿಗೆಯಲ್ಲಿ ಟ್ರ್ಯಾಕ್ಟರಿನ ಮೂತಿ ಎದ್ದು ಚಾಲಕರ ಮೇಲೆಯೇ ಮಗುಚುತ್ತದೆ. ರಸ್ತೆ ದಾಟಬೇಕಾದರೆ ಎಡ, ಬಲ ಗಾಲಿಗಳ ಎರಡೂ ಬ್ರೇಕ್ ಪೆಡಲ್‌ಗಳನ್ನು ಕೊಂಡಿ ಹಾಕಿ ಒಂದು ಮಾಡಿಕೊಳ್ಳಿ, ಇಂಡಿಕೇಟರ್ ತಂತಿ ಜೋಡಿಸಿ, ಹಗಲಿನಲ್ಲೇ ದಾಟಿ.