ಗೇಟು ಸದ್ದಾದರೆ ಕೈಕಾಲು ತಣ್ಣಗಾಗುತ್ತೆ

ಪ್ರಶ್ನೆ: ನನಗೀಗ 46. ಚಿಕ್ಕವಳಿದ್ದಾಗ ಅಪ್ಪ ಕುಡಿದು ಬಂದು ಹೊಡೆಯುತ್ತಿದ್ದರು. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಈಗಲೂ ರಾತ್ರಿ ಗೇಟು ಸದ್ದಾದರೆ ಕೈಕಾಲು ತಣ್ಣಗಾಗುತ್ತೆ. ಗಂಡ ಒಳ್ಳೆಯವರು, ಆದರೆ 'ಹಳೇದನ್ನೆಲ್ಲ ಮರೆತುಬಿಡು' ಅನ್ನುತ್ತಾರೆ. ಈ ವಯಸ್ಸಿನಲ್ಲಿ ಇದು ವಾಸಿಯಾಗುತ್ತಾ? ನೀವು ಇಂಥ ಕೆಲಸಕ್ಕೆ ಯಾಕೆ ಬಂದಿರಿ?
– ಹೆಸರು ಬೇಡ, ಹೊಳಲ್ಕೆರೆ

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ.

ನಿಮಗೆ ಗೇಟು, ನನಗೆ ಸೈಕಲ್ ಸ್ಟ್ಯಾಂಡು. ನಮ್ಮಪ್ಪ ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿದ್ದರು. ನಮ್ಮೂರನ್ನು 'ಕರ್ನಾಟಕದ ಮ್ಯಾಂಚೆಸ್ಟರ್' ಎಂದು ಈಗಲೂ ಹೆಮ್ಮೆಯಿಂದ ಹೇಳುವವರಿದ್ದಾರೆ. ಮಿಲ್ಲುಗಳು ಮುಚ್ಚಿದ ಮೇಲೆ ಆ ಮನೆಗಳ ಒಳಗೆ ಏನಾಯಿತು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಕೆಲಸ ಹೋಯಿತು, ಅಪ್ಪ ಕುಡಿತ ಹಿಡಿದರು. ಸ್ಟ್ಯಾಂಡು ಒಂದೇ ಸಲಕ್ಕೆ ನಿಂತರೆ ಊಟ ಮುಂದುವರಿಸಬಹುದು. ಎರಡು ಮೂರು ಸಲ ಎಳೆದಾಡಿದರೆ ನಾನೂ ತಮ್ಮನೂ ತಟ್ಟೆ ಬಿಟ್ಟು ಹಿತ್ತಲಿಗೆ ಓಡುತ್ತಿದ್ದೆವು.

ದೊಡ್ಡವಳಾದೆ, ಬ್ಯಾಂಕಿನಲ್ಲಿ ಕ್ಯಾಷಿಯರ್ ಆದೆ. ಎಲ್ಲ ಮುಗಿಯಿತು ಅಂದುಕೊಂಡಿದ್ದೆ. 34ನೇ ವಯಸ್ಸಿನಲ್ಲಿ ಒಂದು ದಿನ ಗಿರಾಕಿಯೊಬ್ಬರು ಸಿಟ್ಟಿನಲ್ಲಿ ಕೌಂಟರಿನ ಗಾಜಿಗೆ ಕೈ ಬಡಿದರು, ಅಷ್ಟೇ. ನೋಟು ಎಣಿಸುತ್ತಿದ್ದ ಕೈ ನಿಂತುಹೋಯಿತು. ಉಸಿರೇ ಸಿಗಲಿಲ್ಲ. ಹಾರ್ಟ್ ಅಟ್ಯಾಕ್ ಅಂತ ಹೆದರಿ ಇಸಿಜಿ ಮಾಡಿಸಿದರು. ನಾರ್ಮಲ್. ಗ್ಯಾಸ್ ಇರಬೇಕು ಅಂದರು. ಒಂದೂವರೆ ವರ್ಷ ಸುಮ್ನೆ ಗ್ಯಾಸಿನ ಮಾತ್ರೆ ನುಂಗಿದೆ. ಕೊನೆಗೆ ಹೋದ ಮನೋವೈದ್ಯರು ಕೇಳಿದರು: 'ಆ ಸದ್ದು ಕೇಳಿದಾಗ ನಿಮಗೆ ಎಷ್ಟು ವಯಸ್ಸು ಅನ್ನಿಸುತ್ತೆ?' 'ಒಂಬತ್ತು' ಅಂದುಬಿಟ್ಟೆ. ಅಂದ ಮೇಲೆ ನನಗೇ ಆಶ್ಚರ್ಯ.

ಕೆಲಸ ಮಾಡುತ್ತಲೇ ಸೈಕಾಲಜಿಯಲ್ಲಿ ಎಂ.ಎ. ಕಟ್ಟಿದೆ, ಆಪ್ತಸಮಾಲೋಚನೆ ಕಲಿತೆ. 41ಕ್ಕೆ ಬ್ಯಾಂಕು ಬಿಟ್ಟೆ. 'ಇದ್ದ ಕೆಲಸ ಬಿಟ್ಟು ಹುಚ್ಚರ ಜೊತೆ ಕೂರ್ತಾಳಂತೆ' ಅಂತ ನೆಂಟರು ಆಡಿಕೊಂಡರು. (ಅವರಲ್ಲಿ ಇಬ್ಬರು ಈಗ ಬಂದು ಕೂರುತ್ತಾರೆ.)

ಮೊದಲ ವರ್ಷ ಒಂದು ತಪ್ಪು ಮಾಡಿದೆ. ನಿಮ್ಮ ಕಡೆಯಿಂದಲೇ ಬಂದಿದ್ದ ಒಬ್ಬ ಹೆಂಗಸಿಗೆ, ಎಲ್ಲವನ್ನೂ ಹೇಳಿಬಿಡಿ, ಹಗುರಾಗುತ್ತೆ ಅಂದೆ. ಒಂದು ಗಂಟೆ ನಡುಗುತ್ತಾ ಹೇಳಿದರು. ಥ್ಯಾಂಕ್ಸ್ ಹೇಳಿ ಹೋದರು. ಮತ್ತೆ ಬರಲಿಲ್ಲ. ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲೇ ಬರೆದಿದ್ದರು: ಮೊದಲು ಸುರಕ್ಷೆ, ಆಮೇಲೆ ನೆನಪು ಮತ್ತು ಅಳು, ಆಮೇಲೆ ಮತ್ತೆ ಬದುಕಿನ ಜೊತೆ ಸೇರುವುದು. ಪರೀಕ್ಷೆಯಲ್ಲಿ ಇದನ್ನು ಬರೆದು ಒಳ್ಳೆಯ ಮಾರ್ಕ್ಸ್ ತಗೊಂಡಿದ್ದೆ. ಎದುರಿಗೆ ಮನುಷ್ಯರು ಕೂತಾಗ ಮರೆತಿದ್ದೆ. ಹಾಗಾಗಿ ಈಗ ಬಂದವರಿಗೆ ಮೊದಲೇ ಹೇಳುತ್ತೇನೆ, ಕಥೆ ಇವತ್ತೇ ಹೇಳಬೇಕಾಗಿಲ್ಲ.

ಇನ್ನು ನಿಮ್ಮ ಗೇಟು. ನೀವು ಚಿತ್ರದುರ್ಗದವರು, ಓಬವ್ವನ ಕಿಂಡಿ ನೋಡಿರುತ್ತೀರಿ. ಹೈದರಾಲಿ ಕೋಟೆ ಗೆದ್ದದ್ದು 1779ರಲ್ಲಿ, ಆ ಕಾಳಗ ಮುಗಿದೇ ಹೋಯಿತು. ಆದರೆ ನಿಮ್ಮೊಳಗಿನ ಓಬವ್ವ ಇನ್ನೂ ಒನಕೆ ಹಿಡಿದು ನಿಂತಿದ್ದಾಳೆ. ಮಿದುಳಿನಲ್ಲಿ ಅಮಿಗ್ಡಲಾ ಅಂತ ಬಾದಾಮಿಯಂಥ ಒಂದು ಭಾಗ ಇದೆ. ಅಪಾಯ ಅಂತ ಕೂಗು ಹಾಕುವುದು ಅದರ ಕೆಲಸ. ನೀವು ಯೋಚಿಸುವುದಕ್ಕೆ ಮೊದಲೇ ಅದು ಕೂಗಿರುತ್ತದೆ. ಅದಕ್ಕೆ ಕ್ಯಾಲೆಂಡರ್ ನೋಡಲು ಬರುವುದಿಲ್ಲ. 'ಮರೆತುಬಿಡು' ಅಂದರೆ ಆ ಓಬವ್ವ ಕೇಳುತ್ತಾಳಾ?

ಈ ವಾರ ಗೇಟಿಗೆ ಎಣ್ಣೆ ಬಿಡಿಸಿ. ತಮಾಷೆಯಲ್ಲ. ಅದು ತಪ್ಪಿಸಿಕೊಂಡಂತೆ ಅಲ್ವಾ ಅಂದರೆ, ಸ್ವಲ್ಪ ಹೌದು, ಆದರೆ ಮೊದಲ ತಿಂಗಳಿಗೆ ಪರವಾಗಿಲ್ಲ. ಯಜಮಾನರಿಗೆ ಈ ಪುಟ ತೋರಿಸಿ, ಗೇಟು ಮುಟ್ಟುವ ಮೊದಲು 'ನಾನೇ' ಅಂತ ಕೂಗಲು ಹೇಳಿ. ಆದರೂ ಬೆಚ್ಚಿದರೆ ಎರಡೂ ಪಾದ ನೆಲಕ್ಕೆ ಒತ್ತಿ, ಬಾಯಿಬಿಟ್ಟು ಹೇಳಿಕೊಳ್ಳಿ: 'ಇದು ನನ್ನ ಮನೆ. ಬೀಗದ ಕೈ ನನ್ನ ಹತ್ತಿರ ಇದೆ.'

ಆದರೆ ಇಷ್ಟೇ ಸಾಲದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಅಲ್ಲಿಯವರೆಗೆ 14416ಕ್ಕೆ ಫೋನ್ ಮಾಡಬಹುದು. ಅದು 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ವಾಸಿಯಾಗುತ್ತಾ ಅಂದಿರಲ್ಲ. ನನಗೀಗ 53. ಸೈಕಲ್ ಸ್ಟ್ಯಾಂಡಿನ ಸದ್ದಿಗೆ ಈಗಲೂ ತಿರುಗಿ ನೋಡುತ್ತೇನೆ. ತಟ್ಟೆ ಬಿಟ್ಟು ಏಳುವುದಿಲ್ಲ.

ಪ್ರಶ್ನೆ: ಕಣ್ಣು ಆಡಿಸಿ ಹಳೆಯ ಆಘಾತ ವಾಸಿ ಮಾಡುತ್ತಾರಂತೆ, ನಿಜವೇ?
– ಓದುಗ, ಹರಿಹರ

ಉತ್ತರ: ಇಎಂಡಿಆರ್ ಎಂಬ ಚಿಕಿತ್ಸೆಯ ಬಗ್ಗೆ ಕೇಳುತ್ತಿದ್ದೀರಿ. ಮಾಟ ಮಂತ್ರ ಅಲ್ಲ. 1987ರಲ್ಲಿ ಫ್ರಾನ್ಸಿನ್ ಶಪಿರೊ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ಶುರುಮಾಡಿದ್ದು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಆಘಾತದ ನಂತರದ ತೊಂದರೆಗೆ ಸೂಚಿಸಿದ ಚಿಕಿತ್ಸೆಗಳಲ್ಲಿ ಇದೂ ಇದೆ. ಕಣ್ಣಿನ ಚಲನೆಯಿಂದಲೇ ಗುಣವಾಗುತ್ತದಾ ಎಂಬ ಜಗಳ ತಜ್ಞರಲ್ಲಿ ಇನ್ನೂ ಮುಗಿದಿಲ್ಲ. ಯೂಟ್ಯೂಬ್ ನೋಡಿಕೊಂಡು ಮನೆಯಲ್ಲಿ ಒಬ್ಬರೇ ಮಾಡಬೇಡಿ. ನನಗೆ ಇದರ ತರಬೇತಿ ಆಗಿಲ್ಲ. ಬೇಕು ಅಂದವರನ್ನು ಬೆಂಗಳೂರಿಗೆ ಕಳಿಸುತ್ತೇನೆ.