ಒಂದು ಗೆರೆ ಎರಡಾಗುವುದು ಏಕೆ?
ರಂಗೋಲಿಯ ಫೋಟೊವನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಟ್ರೇಸ್ ಮಾಡಿದರೆ (ಫೋಟೊವನ್ನು ಗೆರೆಗಳಾಗಿ ಬದಲಿಸಿದರೆ) ಪ್ರತಿ ಗೆರೆಯೂ ಎರಡಾಗಿ ಬರುತ್ತದೆ, ಸಿಎನ್‌ಸಿ ಮಷಿನ್ (ಕಂಪ್ಯೂಟರ್ ನಡೆಸುವ ಕೆತ್ತನೆ ಯಂತ್ರ) ಎರಡೂ ಕಡೆ ಕೆತ್ತುತ್ತದೆ ಅಂದಿರಿ ಅಲ್ವಾ? ಅದು ನಿಮ್ಮ ತಪ್ಪಲ್ಲ. ಟ್ರೇಸ್ ಮಾಡುವ ಟ್ರೇಸ್ ಬಿಟ್‌ಮ್ಯಾಪ್ ಎಂಬ ಸಾಧನಕ್ಕೆ ಗೆರೆ ಅಂದರೆ ಬಣ್ಣ ತುಂಬಿದ ಒಂದು ಜಾಗ. ಅದರ ಸುತ್ತಲಿನ ಅಂಚನ್ನು ಅದು ಎಳೆದುಕೊಡುತ್ತದೆ.

ನಿಮಗೆ ಬೇಕಾಗಿರುವುದು ನಡುಗೆರೆ. ಇಂಕ್‌ಸ್ಕೇಪ್ 1.0 ಅಥವಾ ನಂತರದ್ದಿದ್ದರೆ ಅದೇ ಟ್ರೇಸ್ ಕಿಟಕಿಯಲ್ಲಿ ಸೆಂಟರ್‌ಲೈನ್ ಟ್ರೇಸಿಂಗ್ ಆರಿಸಿ. ಮೊದಲು ಫೋಟೊವನ್ನು ಅಚ್ಚ ಕಪ್ಪು ಬಿಳುಪು ಮಾಡಿಕೊಳ್ಳಿ. ಇಲ್ಲದಿದ್ದರೆ ನೆಲದ ಕಲೆ, ಉದುರಿದ ಪುಡಿ ಎಲ್ಲವೂ ಚುಕ್ಕಿಗಳಾಗಿ ಬರುತ್ತವೆ. ಆಮೇಲೆ ಒಮ್ಮೆ ಕಂಟ್ರೋಲ್ ಎಲ್ ಒತ್ತಿ, ನೋಡ್‌ಗಳು (ಗೆರೆಯ ಆಕಾರ ಹಿಡಿದಿಡುವ ಬಿಂದುಗಳು) ಕಡಿಮೆಯಾಗುತ್ತವೆ. ಜಾಸ್ತಿ ಸಲ ಒತ್ತಬೇಡಿ, ಬಳ್ಳಿಯ ತಿರುವುಗಳು ಕೆಡುತ್ತವೆ.

ಆದರೆ ವಿ ಬಿಟ್‌ನಲ್ಲಿ (V ಆಕಾರದ ಚೂಪು ತುದಿಯ ಕೆತ್ತುವ ಉಳಿ) ವಿ ಕಾರ್ವ್, ಅಂದರೆ ಗೆರೆ ಅಗಲವಾದಷ್ಟೂ ಆಳವಾಗುವ ಕೆತ್ತನೆ, ಮಾಡುವುದಾದರೆ ಆ ಎರಡು ಅಂಚುಗಳೇ ಬೇಕು, ಅಳಿಸಬೇಡಿ. ಗೆರೆಯ ಅಗಲ ನೋಡಿಯೇ ಕೆತ್ತನೆಯ ಸಾಫ್ಟ್‌ವೇರ್ ಆಳ ಲೆಕ್ಕ ಹಾಕುತ್ತದೆ. 90 ಡಿಗ್ರಿ ಬಿಟ್‌ಗೆ 2 ಮಿ.ಮೀ. ಅಗಲದ ಗೆರೆ ಅಂದರೆ 1 ಮಿ.ಮೀ. ಆಳ. ರಂಗೋಲಿಗೆ ನನ್ನ ಆಯ್ಕೆ ಈ ವಿ ಕಾರ್ವ್. ದಪ್ಪ ಸಣ್ಣ ಆಗುವ ಗೆರೆಯಲ್ಲಿ ಕೈಯ ಓಟ ಹಾಗೇ ಉಳಿಯುತ್ತದೆ.