ಓದುಗರ ಪ್ರಶ್ನೆ: ರಕ್ತ ಹೆಪ್ಪುಗಟ್ಟುವ ಪರೀಕ್ಷೆ, ಪ್ಲಾಸ್ಮಾ, ಪ್ಲೇಟ್‌ಲೆಟ್

ಪ್ರಶ್ನೆ: ಕಬ್ಬಿನ ಗದ್ದೆಯಲ್ಲಿ ಚಿಕ್ಕಪ್ಪನಿಗೆ ಕೊಳಕುಮಂಡಲ ಕಚ್ಚಿತು. ರಕ್ತ ಹೆಪ್ಪುಗಟ್ಟುತ್ತಿಲ್ಲ ಎಂದರೂ ಪ್ಲಾಸ್ಮಾ (ರಕ್ತದ ದ್ರವ ಭಾಗ) ಹಾಕಲಿಲ್ಲ. ಔಷಧ ಕೊಟ್ಟು, 6 ಗಂಟೆ ಬಿಟ್ಟು ಮತ್ತೆ ಪರೀಕ್ಷೆ ಮಾಡಿದರು. ಇದು ಸರಿಯೇ?
– ಓದುಗರು, ಮದ್ದೂರು ತಾಲ್ಲೂಕು

ಉತ್ತರ: ಸರಿಯೇ. ಈ ಹಾವಿನ ವಿಷ ರಕ್ತನಾಳದೊಳಗೇ ಹೆಪ್ಪುಗಟ್ಟುವ ಕ್ರಿಯೆಯನ್ನು ಕೆರಳಿಸಿ, ಹೆಪ್ಪುಗಟ್ಟಲು ಬೇಕಾದ ಫೈಬ್ರಿನೋಜನ್ ಎಂಬ ಪ್ರೋಟೀನ್ ಮತ್ತಿತರ ಅಂಶಗಳನ್ನು ಖಾಲಿ ಮಾಡಿಬಿಡುತ್ತದೆ. ವಿಷ ಓಡಾಡುತ್ತಿರುವಾಗಲೇ ಪ್ಲಾಸ್ಮಾ ಹಾಕಿದರೆ ಅದೂ ಖರ್ಚಾಗುತ್ತದೆ, ತೂತು ಮಡಕೆಗೆ ನೀರು ಹೊಯ್ದಂತೆ. ಮೊದಲು ಬೇಕಾದದ್ದು ವಿಷನಿರೋಧಕ, ಸಾಮಾನ್ಯವಾಗಿ 8ರಿಂದ 10 ವಯಲ್ (ಸಣ್ಣ ಸೀಸೆ). ವಿಷ ಅಡಗಿದ ಮೇಲೆ ಲಿವರ್ ಆ ಅಂಶಗಳನ್ನು ಮತ್ತೆ ತಯಾರಿಸಲು ಸುಮಾರು 6 ಗಂಟೆ ಹಿಡಿಯುತ್ತದೆ. ಅದಕ್ಕೆ ಮುಂಚೆ ಪರೀಕ್ಷಿಸಿದರೆ ಔಷಧ ಸಾಲದೋ, ಲಿವರ್‌ಗೆ ಸಮಯ ಸಾಲದೋ ಗೊತ್ತಾಗದು. 6 ಗಂಟೆ ಕಳೆದ ಮೇಲೂ ಹೆಪ್ಪುಗಟ್ಟದಿದ್ದರೆ ವಿಷನಿರೋಧಕ ಇನ್ನೊಂದು ಸುತ್ತು. ವಿಷನಿರೋಧಕ ಕೊಟ್ಟ ಮೇಲೂ ರಕ್ತ ಜೋರಾಗಿ ಸುರಿಯುತ್ತಿದ್ದರೆ ಪ್ಲಾಸ್ಮಾ ಅಥವಾ ಕ್ರಯೊ (ಪ್ಲಾಸ್ಮಾದಿಂದ ತೆಗೆದ, ಫೈಬ್ರಿನೋಜನ್ ಹೆಚ್ಚಿರುವ ಭಾಗ) ಕೊಡುತ್ತಾರೆ.

ಪರೀಕ್ಷೆ ಸರಳ, ಕೆಡುವುದೂ ಅಷ್ಟೇ ಸುಲಭ. ಒಣಗಿದ ಹೊಸ ಗಾಜಿನ ಕೊಳವೆಗೆ ಅಭಿಧಮನಿಯಿಂದ ಆಗತಾನೇ ತೆಗೆದ 2 ಮಿ.ಲೀ. ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಒಮ್ಮೆ ಮಾತ್ರ ವಾಲಿಸಬೇಕು. ನೀರಿನಂತೆ ಹರಿದರೆ ಹೆಪ್ಪುಗಟ್ಟಿಲ್ಲ. ಗಾಜೇ ಏಕೆಂದರೆ ಅದರ ಮೇಲ್ಮೈ ತಾಗಿಯೇ ಈ ಕ್ರಿಯೆ ಶುರುವಾಗುವುದು. ಪ್ಲಾಸ್ಟಿಕ್ ಕೊಳವೆಯಲ್ಲೋ, ಡಿಟರ್ಜೆಂಟ್‌ನಲ್ಲಿ ತೊಳೆದ ಗಾಜಿನಲ್ಲೋ ಆರೋಗ್ಯವಂತರ ರಕ್ತವೂ ಹರಿದೀತು. ಆಗ ಬೇಡದವರಿಗೂ ವಿಷನಿರೋಧಕ ಏರುತ್ತದೆ. ಅದರ ಅಲರ್ಜಿ ಸಣ್ಣದಲ್ಲ.

ಪ್ರಶ್ನೆ: ಅಪ್ಪನ ಐ.ಎನ್.ಆರ್. (ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಎಂದು ತೋರುವ ಅಂಕಿ) ಒಂದು ಲ್ಯಾಬ್‌ನಲ್ಲಿ 1.8, ಮರುದಿನ ಮೈಸೂರಿನ ಇನ್ನೊಂದು ಲ್ಯಾಬ್‌ನಲ್ಲಿ 1.3. ಯಾವುದನ್ನು ನಂಬುವುದು? ಆಪರೇಷನ್‌ಗೆ ಮೊದಲು ಪ್ಲಾಸ್ಮಾ ಬೇಕೇ?
– ಓದುಗರು, ನಂಜನಗೂಡು

ಉತ್ತರ: ಮೊದಲು ನೀಲಿ ಮುಚ್ಚಳದ ಕೊಳವೆಯನ್ನು ಅನುಮಾನಿಸಿ. ಅದರಲ್ಲಿರುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ 1 ಪಾಲಿಗೆ ರಕ್ತ 9 ಪಾಲು ಇರಬೇಕು, ಅಂದರೆ 0.3 ಮಿ.ಲೀ.ಗೆ 2.7 ಮಿ.ಲೀ. ಗುರುತಿನ ತನಕ ತುಂಬದಿದ್ದರೆ ಸಿಟ್ರೇಟ್ ಹೆಚ್ಚಾಗಿ ಅಂಕಿ ಸುಳ್ಳೇ ಏರುತ್ತದೆ. ರಕ್ತ ಹೆಪ್ಪುಗಟ್ಟುವುದನ್ನು ತಗ್ಗಿಸುವ ವಾರ್ಫರಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಆಗ ಐ.ಎನ್.ಆರ್. ಅಂಕಿಯ ಲೆಕ್ಕವೇ ಬೇರೆ.

ಐ.ಎನ್.ಆರ್. 1.3 ಇರುವಾಗ ಪ್ಲಾಸ್ಮಾ ಹಾಕಿ ಗಳಿಸುವುದು ಏನೂ ಇಲ್ಲ. ದಾನಿಯ ಪ್ಲಾಸ್ಮಾದ ಐ.ಎನ್.ಆರ್. ಕೂಡ ಒಂದಕ್ಕಿಂತ ತುಸು ಹೆಚ್ಚೇ ಇರುತ್ತದೆ. ನಿಜವಾಗಿ ಬೇಕಾದಾಗ ತೂಕದ ಪ್ರತಿ ಕೆ.ಜಿ.ಗೆ 10ರಿಂದ 15 ಮಿ.ಲೀ. ಕೊಡಬೇಕು, 60 ಕೆ.ಜಿ.ಯವರಿಗೆ ಒಂದೇ ಬ್ಯಾಗ್ 'ಇರಲಿ' ಎಂದು ಹಾಕುವುದು ಕಾಟಾಚಾರ.

ಪ್ರಶ್ನೆ: ಡೆಂಗಿಯಲ್ಲಿ ಪ್ಲೇಟ್‌ಲೆಟ್ 22,000. ದಾನಿಗಳನ್ನು ಹುಡುಕಬೇಕೇ?
– ಓದುಗರು, ಮಂಡ್ಯ

ಉತ್ತರ: ರಕ್ತಸ್ರಾವ ಇಲ್ಲದಿದ್ದರೆ, ಸಾಮಾನ್ಯವಾಗಿ 10,000ಕ್ಕಿಂತ ಕೆಳಗಿಳಿಯುವ ತನಕ ಬೇಡ. ಅದಕ್ಕಿಂತ ಪಿ.ಸಿ.ವಿ. (ರಕ್ತದಲ್ಲಿ ಕೆಂಪುಕಣಗಳ ಪಾಲು, ದ್ರವ ಸೋರಿದರೆ ಇದು ಏರುತ್ತದೆ) ಏರುತ್ತಿದೆಯೇ ಎಂದು ವೈದ್ಯರನ್ನು ಕೇಳಿ. ಡೆಂಗಿಯಲ್ಲಿ ಜೀವಕ್ಕೆ ಕುತ್ತು ತರುವುದು ಬಹುಪಾಲು ರಕ್ತನಾಳದಿಂದ ದ್ರವ ಸೋರುವುದು, ಪ್ಲೇಟ್‌ಲೆಟ್ ಅಂಕಿಯಲ್ಲ. ವಸಡಿನಲ್ಲಿ ನಿಲ್ಲದ ರಕ್ತ, ಕಪ್ಪು ಮಲ, ಬಿಡದ ಹೊಟ್ಟೆನೋವು, ಪದೇಪದೇ ವಾಂತಿ ಕಂಡರೆ ಅಂಕಿ ಎಷ್ಟೇ ಇರಲಿ, ಆಗಲೇ ಆಸ್ಪತ್ರೆಗೆ ಹೊರಡಿ.